ಊರಿಗೆ ಬೆನ್ನು ಕೊಟ್ಟ ಫಿರಂಗಿಗಳು

"ಬಾಯಿ ಮುಚ್ಚೇ ಎಫುವ! ಜನರ ಮುಂದೆ ಮನೆ ಹೆಸರು ಎತ್ತಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ ನಿನಗೆ?"

"ನಾನಾಗಿ ಎತ್ತಲಿಲ್ಲ ಅಣ್ಣ. ಅವರು ಕೇಳಿದ್ರು, ನಾನು ಹೇಳ್ದೆ. ಕೇಳಿದ್ದಕ್ಕೆ ಉತ್ತರ ಹೇಳ್ಲಿ ಅಂತ ತಾನೆ ಇಲಾಖೆಯೋರು ನಮ್ಮನ್ನ ಇಟ್ಕೊಂಡಿರೋದು?"

"ಕೇಳಿದ್ದಕ್ಕೆಲ್ಲ ಹೇಳಿಬಿಡೋದಾ? ನಾಳೆ ನಿನ್ನ ಒಳಲಂಗ ಯಾವ ಬಣ್ಣ ಅಂತ ಕೇಳ್ತಾರೆ, ಹೇಳ್ತೀಯಾ?"

"ಹಸಿರು," ಅಂದಳು ಎಫುವ, ಒಂದು ಕ್ಷಣವೂ ತಡೆಯದೆ.

ಜನ ಗೊಳ್ಳೆಂದು ನಕ್ಕರು. ನಕ್ಕವರು ಕುಮಾಸಿಯಿಂದ ಬಸ್ಸು ಮಾಡಿಕೊಂಡು ಬಂದಿದ್ದ ಶಾಲೆ ಮೇಷ್ಟ್ರುಗಳು, ಹದಿನೆಂಟು ಮಂದಿ. ಜೊತೆಗೆ ಅಮೆರಿಕದಿಂದ ಬಂದಿದ್ದ ನಾಲ್ವರಿದ್ದರು. ಅವರಿಗೆ ಮಾತು ಅರ್ಥವಾಗಲಿಲ್ಲ, ಆದರೂ ಎಲ್ಲರೂ ನಗುತ್ತಿದ್ದಾರಲ್ಲ ಅಂತ ಹಲ್ಲು ಬಿಟ್ಟರು. ಶನಿವಾರ ಬೆಳಿಗ್ಗೆ ಹತ್ತೂವರೆ. ಅಬಾನ್‌ಪಾನೊ ಕೋಟೆಯ ಬುರುಜಿನ ಮೇಲೆ ಬಿಸಿಲು ಆಗಲೇ ಕಲ್ಲು ಕಾಯಿಸಿತ್ತು. ಎಬೊನ ನೆತ್ತಿಗೇರಿದ್ದು ಮಾತ್ರ ಬಿಸಿಲಲ್ಲ, ಆ ನಗು.

ಎಬೊಗೆ ಐವತ್ತೊಂದು ವರ್ಷ. ಕೋಟೆ ತೋರಿಸುವ ಕೆಲಸಕ್ಕೆ ಸೇರಿ ಇಪ್ಪತ್ನಾಲ್ಕಾಯಿತು. ದೊಡ್ಡ ದನಿ, ದೊಡ್ಡ ಹೊಟ್ಟೆ, ಬೆಂಕಿಕಡ್ಡಿಯಂಥ ಸಿಟ್ಟು. ಎಫುವ ಅವನಿಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳು. ಇಬ್ಬರೂ ಒಂದೇ ಬೆಂತ್ಸಿಲ್ ಮನೆತನದ ಮಕ್ಕಳು. ಅವಳ ತಾಯಿಯೂ ಇವನ ತಾಯಿಯೂ ಒಂದೇ ಒಲೆಯ ಮುಂದೆ ಕೂತು ಮೀನು ಹೊಗೆಗಿಟ್ಟವರು. ಎಫುವ ನಡೆಯಲು ಕಲಿತದ್ದು ಎಬೊನ ಬೆರಳು ಹಿಡಿದು. ಕೋಟೆಯ ಕೆಲಸಕ್ಕೆ ತಂದು ಸೇರಿಸಿದವನೂ ಅವನೇ, ಕೆಲಸ ಕಲಿಸಿದವನೂ ಅವನೇ. ಆದರೆ ಐದಾರು ವರ್ಷದಿಂದ ಬಂದವರು "ಆ ಹೆಂಗಸು ತೋರಿಸ್ತಾರಲ್ಲ, ಅವರು ಇದ್ದಾರಾ?" ಅಂತ ಕೇಳಿಕೊಂಡು ಬರುತ್ತಿದ್ದರು. ಅದು ಎಬೊನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಇಲ್ಲ ಅಂದರೆ ಸುಳ್ಳು ಹೇಳಿದಂತೆ.

ಎಫುವಳಿಗೆ ಒಂದು ವರಸೆ ಇತ್ತು. ಬುರುಜಿನ ಮೇಲೆ ಹದಿನಾಲ್ಕು ಫಿರಂಗಿಗಳಿವೆ. ಬಂದವರನ್ನು ಅಲ್ಲಿ ನಿಲ್ಲಿಸಿ, "ಇವು ಯಾವ ಕಡೆ ನೋಡ್ತಿವೆ?" ಅಂತ ಕೇಳುತ್ತಿದ್ದಳು. ಸಮುದ್ರದ ಕಡೆ ಅನ್ನುತ್ತಿದ್ದರು ಜನ. "ಊರಿನ ಕಡೆ ಎಷ್ಟಿವೆ?" ಎಲ್ಲರೂ ತಿರುಗಿ ನೋಡುತ್ತಿದ್ದರು. ಒಂದೂ ಇಲ್ಲ. "ಯಾಕಿಲ್ಲ? ಇಲ್ಲಿದ್ದ ಬಿಳಿ ಸಿಪಾಯಿಗಳಿಗೆ ಹೆದರಿಕೆ ಇದ್ದದ್ದು ಬೇರೆ ಬಿಳಿಯರದ್ದು, ಹಡಗಿನಲ್ಲಿ ಬರೋರದ್ದು. ಊರಿನವರಿಗೆ ಹೆದರೋ ಅಗತ್ಯ ಇರ್ಲಿಲ್ಲ. ಊರಿನವರು ಅವರ ಜೊತೆ ವ್ಯಾಪಾರದಲ್ಲಿದ್ರು." ಇಷ್ಟು ಹೇಳಿ ಸುಮ್ಮನಾಗುತ್ತಿದ್ದಳು. ಆ ಸುಮ್ಮನಿರುವುದನ್ನೂ ಅವಳಿಗೆ ಕಲಿಸಿದವನು ಎಬೊನೇ.

ಅವತ್ತು ಒಬ್ಬ ಬೋಳುತಲೆಯ ಮೇಷ್ಟ್ರು ಬಿಡಲಿಲ್ಲ. "ಊರಿನವರು ಅಂದ್ರೆ ಯಾರಮ್ಮ? ಯಾವ ಮನೆಯೋರು?" ಅಂದ.

"ನಮ್ಮ ಮನೆಯೋರೇ ಮೇಷ್ಟ್ರೇ. ಬೆಂತ್ಸಿಲ್ ಮನೆ. ಕೆಳಗೆ ಬಾಗಿಲಲ್ಲಿ ನಿಂತು ಮಾರೋಕೆ ತಂದ ಗುಲಾಮರ ತಲೆ ಎಣಿಸಿ ಒಳಗೆ ಕಳಿಸ್ತಿದ್ದೋನು ನಮ್ಮ ಅಜ್ಜಿಯ ಅಜ್ಜಿಗೆ ಸ್ವಂತ ಅಣ್ಣ. ಹೇಳೋಕೆ ನಾಚಿಕೆ ಆಗತ್ತೆ. ಆದ್ರೂ ಹೇಳ್ಬೇಕು."

ಮೆಟ್ಟಿಲು ಹತ್ತಿ ಬರುತ್ತಿದ್ದ ಎಬೊ ಅದನ್ನು ಕೇಳಿದ್ದ. ಜಗಳ ಹತ್ತಿದ್ದು ಹಾಗೆ. ಈಗ ಜನ ನಗುತ್ತಿದ್ದರು, ಎಫುವಳೂ ನಗುತ್ತಿದ್ದಳು. ಕೋಟೆಯ ಬಾಗಿಲಲ್ಲಿ ಕೂತು ಮೆಕ್ಕೆಜೋಳದ ಹಿಟ್ಟಿನ ಕೆಂಕೆ, ಕರಿದ ಮೀನು ಮಾರುವ ಮುದುಕಿ ಎಕುವಾ ಕೂಡ ಕೆಳಗಿನಿಂದ, "ಏನೋ ಎಬೊ, ಸೋತೆಯಾ?" ಅಂತ ಕೂಗಿದಳು.

"ನಮ್ಮ ಅಜ್ಜಿಯ ಅಜ್ಜಿಯಂತೆ!" ಅಂದ ಎಬೊ. ದನಿ ಅಂಗಳಕ್ಕೆಲ್ಲ ಕೇಳಿಸಿತು. "ನಿನ್ನ ಅಜ್ಜಿಯ ಅಜ್ಜಿ ಯಾರು ಗೊತ್ತಾ ನಿನಗೆ? ಅವನು ಎಲ್ಲರನ್ನೂ ಹಡಗಿಗೆ ಹತ್ತಿಸಲಿಲ್ಲ ಕಣೇ. ಒಬ್ಬಳನ್ನ ಉಳಿಸ್ಕೊಂಡ, ಮನೆ ಗುಡಿಸೋಕೆ. ಅವಳ ಹೊಟ್ಟೆಯಿಂದ ಇಳಿದು ಬಂದೋಳು ನೀನು! ಮಾರಿದೋರ ನಾಚಿಕೆ ನಿನಗ್ಯಾಕೆ? ನೀನು ಮಾರಾಟಕ್ಕೆ ಬಂದೋಳ ಕಡೆಯೋಳು!"

ಹೇಳಿ ಮುಗಿಸುವಷ್ಟರಲ್ಲೇ ಅವನಿಗೆ ತಾನೇನು ಮಾಡಿದೆ ಅಂತ ಗೊತ್ತಾಯಿತು. ಮಾತು ಹೊರಗೆ ಬಿದ್ದಿತ್ತು.

ನಮ್ಮಲ್ಲಿ ಕಳ್ಳತನ ಮಾಡಿದವನಿಗೆ ಕ್ಷಮೆ ಇದೆ, ಹೆಂಡತಿಯನ್ನು ಹೊಡೆದವನಿಗೂ ಇದೆ. ಇನ್ನೊಬ್ಬರ ಮೂಲವನ್ನು ಬಾಯಿಬಿಟ್ಟು ಹೇಳಿದವನಿಗೆ ಇಲ್ಲ. ಒಂದು ಮನೆಯಲ್ಲಿ ಉಂಡು, ಆ ಮನೆಯವರನ್ನು ಅಮ್ಮ ಅಣ್ಣ ಅಂದು, ಆ ಮನೆಯ ಮಣ್ಣಿಗೆ ಹೋದವರೆಲ್ಲ ಆ ಮನೆಯವರೇ. ಅವರು ಯಾವ ಬಾಗಿಲಿಂದ ಬಂದರು, ಯಾರು ಕರೆತಂದರು, ಹಗ್ಗ ಇತ್ತೋ ಇಲ್ಲವೋ, ಕೇಳುವ ಹಾಗಿಲ್ಲ, ಹೇಳುವ ಹಾಗಿಲ್ಲ. ದೊಡ್ಡ ದೊಡ್ಡ ಅರಸರು ಹಾಕಿಕೊಟ್ಟ ಕಟ್ಟಳೆ ಅದು. ಪ್ರತಿ ಮನೆಯಲ್ಲೂ ಇಂಥ ಒಂದು ಕವಲು ಇದೆ. ಒಂದು ದಾರ ಎಳೆದರೆ ಊರೇ ಬಿಚ್ಚಿಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಬೋಳುತಲೆಯ ಮೇಷ್ಟ್ರು ಕಣ್ಣು ತಗ್ಗಿಸಿದ. ಒಬ್ಬ ವಯಸ್ಸಾದ ಟೀಚರಮ್ಮ ಮೈಮೇಲಿನ ಬಟ್ಟೆ ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದಳು. ಕೆಳಗೆ ಎಕುವಾ ಕೆಂಕೆಯ ಪಾತ್ರೆಗೆ ಮುಚ್ಚಳ ಹಾಕಿದ ಸದ್ದು ಬುರುಜಿನವರೆಗೂ ಕೇಳಿತು. ಅಮೆರಿಕದವರಲ್ಲಿ ಒಬ್ಬಳು, "ಏನು ಹೇಳಿದರು?" ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಪಕ್ಕದಲ್ಲಿದ್ದ ಮೇಷ್ಟ್ರು ಸಮುದ್ರದ ಕಡೆ ತಿರುಗಿಕೊಂಡ.

ಎಫುವ ಒಂದು ಫಿರಂಗಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಕಬ್ಬಿಣ ಕೆಂಡದ ಹಾಗೆ ಕಾದಿತ್ತು, ಕೈ ತೆಗೆಯಲಿಲ್ಲ. ಆಮೇಲೆ ಜನರ ಕಡೆ ತಿರುಗಿ, "ಬನ್ನಿ, ಕೆಳಗೆ ಹೆಂಗಸರನ್ನ ಇಡ್ತಿದ್ದ ಕೋಣೆ ಇದೆ. ಮೆಟ್ಟಿಲು ಸವೆದಿದೆ, ನಿಧಾನ," ಅಂದಳು.

ತಂಡ ಪೂರ್ತಿ ತೋರಿಸಿದಳು. ಹೆಂಗಸರ ಕೋಣೆಯಲ್ಲಿ ಎಂದಿನಂತೆ ಬಾಗಿಲು ಮುಚ್ಚಿ, ಟಾರ್ಚು ಆರಿಸಿ, ಎಲ್ಲರನ್ನೂ ಒಂದು ನಿಮಿಷ ಕತ್ತಲಲ್ಲಿ ನಿಲ್ಲಿಸಿದಳು. ಕೊನೆಗೆ ಸಮುದ್ರದ ಬಾಗಿಲು ತೆರೆದು ಮರಳಿನವರೆಗೆ ಕರೆದೊಯ್ದಳು. ಹಿಂದೆ ಆ ಬಾಗಿಲಿಂದ ಹಡಗಿಗೆ ಹೋದವರು ಯಾರೂ ತಿರುಗಿ ಬರಲಿಲ್ಲ. ಅದಕ್ಕೇ ನಮ್ಮ ಕೋಟೆಯಲ್ಲಿ ಒಂದು ರೂಢಿ: ಆ ಬಾಗಿಲಿಂದ ಹೊರಗೆ ಹೋದ ಪ್ರತಿಯೊಬ್ಬರೂ ಅದೇ ಬಾಗಿಲಿಂದ ಒಳಗೆ ಬರಬೇಕು, ತೋರಿಸುವವರು ತಲೆ ಎಣಿಸಿ ಅಗುಳಿ ಹಾಕಬೇಕು. ಎಫುವ ಇಪ್ಪತ್ತೊಂದು ಎಣಿಸಿದಳು. ಮೊದಲೇ ಇಳಿದು ಹೋದ ಟೀಚರಮ್ಮನನ್ನು ನೆನಪಿಟ್ಟುಕೊಂಡು, "ಒಬ್ಬರು ಬಸ್ಸಲ್ಲಿದಾರೆ, ಸರಿಯಾಯ್ತು," ಅಂದಳು. ಅಗುಳಿ ಹಾಕಿದಳು. ಎಬೊನ ಮುಂದೆಯೇ ಹಾದು ಮನೆಗೆ ಹೋದಳು, ಅವನು ಗೋಡೆ ಅನ್ನುವ ಹಾಗೆ.

ಎಬೊ ಮನೆಗೆ ಹೋದಾಗ ಸುದ್ದಿ ಅವನಿಗಿಂತ ಮೊದಲು ಹೋಗಿತ್ತು. ಹೆಂಡತಿ ಅರಾಬ ತಟ್ಟೆ ತಂದು ಮುಂದಿಟ್ಟಳು, ಮುಖ ಆ ಕಡೆ ತಿರುಗಿಸಿಕೊಂಡು.

"ಏನಾದ್ರೂ ಹೇಳೇ," ಅಂದ.

"ಏನು ಹೇಳ್ಲಿ?"

"ಬೈಯಿ."

"ಯಾವುದಕ್ಕೆ ಅಂತ ಬೈಯಲಿ? ಬೈಬೇಕಾದ್ರೆ ನೀನಂದಿದ್ದನ್ನ ನಾನೂ ಅನ್ಬೇಕು. ನನಗೆ ಆ ಪಾಪ ಬೇಡ. ಉಣ್ಣು."

ಅದೇ ಅವನನ್ನು ಕೊಂದದ್ದು. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದ. ಉಗಿದಿದ್ದರೆ ಒರೆಸಿಕೊಳ್ಳುತ್ತಿದ್ದ. ಆದರೆ ಅವನ ತಪ್ಪನ್ನು ಎತ್ತಿ ಆಡಿದರೆ ಆಡಿದವರೂ ಅದೇ ತಪ್ಪು ಮಾಡಿದಂತೆ. ಹಾಗಾಗಿ ಇಡೀ ಊರಿನಲ್ಲಿ ಅವನನ್ನು ಬೈಯಬಲ್ಲವರು ಒಬ್ಬರೂ ಇರಲಿಲ್ಲ. ಭಾನುವಾರ ಚರ್ಚಿಗೆ ಹೋದ. ಅವನು ಕೂತ ಬೆಂಚಿನಲ್ಲಿ ಎರಡು ಆಳು ಕೂರುವಷ್ಟು ಜಾಗ ಖಾಲಿ ಉಳಿಯಿತು. ದಿನಾ ಅವನ ಹೊಟ್ಟೆಯನ್ನು ಗೇಲಿ ಮಾಡುತ್ತಿದ್ದ ಮೀನು ಹೊಗೆಯಿಡುವ ಹೆಂಗಸರು ಅವನು ಬರುವುದನ್ನು ಕಂಡು ಒಲೆ ಊದತೊಡಗಿದರು, ಉರಿಯುತ್ತಿದ್ದ ಒಲೆಯನ್ನೇ. "ನನ್ನ ಹೊಟ್ಟೆ ಎಲ್ಲಿಗೆ ಬಂತು ಕೇಳ್ರೇ!" ಅಂತ ಅವನೇ ಕೂಗಿದ. ತಲೆ ಎತ್ತಲಿಲ್ಲ ಯಾರೂ.

ಆ ವಿಷಯ ಅವನಿಗೆ ತಿಳಿದದ್ದು ಅಮ್ಮನಿಂದ. ಸಾಯುವ ಮುಂಚೆ ಕರೆದು, ಮನೆಯ ಸತ್ತ ಹಿರಿಯರ ಪೀಠಗಳನ್ನಿಟ್ಟು ಪೂಜಿಸುವ ಕೋಣೆಯ ಬೀಗದ ಕೈ ಯಾರ ಕೈಗೆ ಹೋಗಬಹುದು, ಯಾರ ಕೈಗೆ ಹೋಗಬಾರದು ಅಂತ ಹೇಳಿದ್ದಳು. ಯಾಕೆ ಅಂತ ಕೇಳಿದಾಗ ಕಿವಿಯಲ್ಲಿ ಹೇಳಿದ್ದಳು. "ನನ್ನ ಹಾಲಿನ ಮೇಲೆ ಆಣೆ ಮಾಡು, ಹೆಂಡತಿಗೂ ಹೇಳಲ್ಲ ಅಂತ." ಮಾಡಿದ್ದ. ಹತ್ತೊಂಬತ್ತು ವರ್ಷ ಉಳಿಸಿಕೊಂಡಿದ್ದ ಆಣೆಯನ್ನು ಒಂದು ಹಸಿರು ಲಂಗದ ನಗೆಗೆ ಮುರಿದಿದ್ದ. ಅಷ್ಟೇ ಆಗಿದ್ದರೂ ಸರಿ. ಯೋಚಿಸುತ್ತ ಹೋದ ಹಾಗೆ ಅವನಿಗೆ ಇನ್ನೊಂದು ಕಾಣತೊಡಗಿತು. ಎಫುವ ಜನರ ಮುಂದೆ ಚೆನ್ನಾಗಿ ಮಾತಾಡಿದಾಗೆಲ್ಲ, ಬಂದವರು ಅವಳನ್ನು ಕೇಳಿಕೊಂಡು ಬಂದಾಗೆಲ್ಲ, ಅವನೊಳಗೆ ಎಲ್ಲೋ ಒಂದು ದನಿ, "ಆಡಲಿ ಬಿಡು, ಅವಳೇನು ಅಂತ ನನಗೆ ಗೊತ್ತು" ಅನ್ನುತ್ತಿತ್ತು. ಆ ಮಾತು ಸಿಟ್ಟಿನಲ್ಲಿ ಹುಟ್ಟಿದ್ದಲ್ಲ. ಐದಾರು ವರ್ಷದಿಂದ ನಾಲಗೆಯ ಕೆಳಗೆ ಇಟ್ಟುಕೊಂಡು ಚೀಪುತ್ತಿದ್ದ. ಇದು ಹೊಳೆದಾಗ ಎಬೊ ಬಾವಿಕಟ್ಟೆಯ ಹತ್ತಿರ ಇದ್ದ. ನೀರು ಸೇದದೆ ಖಾಲಿ ಬಕೆಟು ಹಿಡಿದು ವಾಪಸು ಬಂದ.

ಮಂಗಳವಾರ ಸಮುದ್ರದ ರಜೆ, ದೋಣಿ ಇಳಿಯುವುದಿಲ್ಲ. ಗಂಡಸರೆಲ್ಲ ಮನೆಯಲ್ಲಿರುವ ದಿನ ಅದೊಂದೇ. ಮನೆಯ ಹಿರಿಯ, ಮಾಮ ಕ್ವೆಕು, ಅಂಗಳದಲ್ಲಿ ಬೆಂಚು ಹಾಕಿಸಿ ಎಲ್ಲರನ್ನೂ ಕರೆದ. ಎಬೊ ಒಂದು ಕುರಿ, ಎರಡು ಬಾಟಲಿ ಶ್ನಾಪ್ಸ್ ಸಾರಾಯಿ, ಒಂದು ಮೊಟ್ಟೆ ತಂದಿದ್ದ. ಎಫುವ ಬಿಳಿ ಬಟ್ಟೆ ಉಟ್ಟು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಅವಳ ಪಕ್ಕದವರು ಅವಳಿಗೆ ತೀರಾ ಒತ್ತಿ ಕೂತಿದ್ದರು, ಬೇಕೆಂದೇ, ಎಲ್ಲರಿಗೂ ಕಾಣಲಿ ಅಂತ. ಅದು ಎಬೊನಿಗೂ ಕಂಡಿತು, ಅವಳಿಗೂ ಕಂಡಿರಬೇಕು. ಮುಂಚೆ ಯಾರೂ ಹಾಗೆ ಕೂರುತ್ತಿರಲಿಲ್ಲ.

"ನೀನು ಏನಂದೆ ಅಂತ ನಾವು ಕೇಳಲ್ಲ," ಅಂದ ಮಾಮ ಕ್ವೆಕು. "ನೀನೂ ಹೇಳ್ಬೇಡ. ಅದು ನಿಜಾನಾ, ಸುಳ್ಳಾ?"

"ಸುಳ್ಳು ಮಾಮ."

"ಗಟ್ಟಿಯಾಗಿ ಹೇಳು."

"ಸುಳ್ಳು. ನನ್ನ ಬಾಯಿ ಸುಳ್ಳಾಡ್ತು."

ನೀರು ಕೊಟ್ಟರು. ಬಾಯಿ ಮುಕ್ಕಳಿಸಿ ಮೂರು ಸಲ ಉಗಿದ. ಮೊಟ್ಟೆಯನ್ನು ಎಫುವಳ ಕಾಲ ಬಳಿ ಒಡೆದ. ಮಾಮ ಹಿರಿಯರ ಹೆಸರು ಹೇಳುತ್ತ ನೆಲಕ್ಕೆ ಶ್ನಾಪ್ಸ್ ಸುರಿದ. ಕುರಿ ಕೊಯ್ದರು. ಅಂಗಳದಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟ ಹಾಗಾಯಿತು. "ಬಿಸಿಲಿಗೆ ತಲೆ ಕೆಟ್ಟಿತ್ತು ಅವನಿಗೆ, ಟೋಪಿ ಹಾಕ್ಕೊ ಅಂದ್ರೆ ಕೇಳಲ್ಲ," ಅಂದ ಒಬ್ಬ. ಜನ ಬೇಕಾದ್ದಕ್ಕಿಂತ ಜಾಸ್ತಿ ನಕ್ಕರು.

ಸಾರು ಬಂತು. ಎಫುವ ತನ್ನ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, "ಮಾಮ, ಒಂದು ಕೇಳ್ಲಾ?" ಅಂದಳು.

"ಕೇಳು ಮಗಳೇ."

"ನಮ್ಮಮ್ಮ ಮೂವತ್ತು ವರ್ಷ ಈ ಅಂಗಳ ಗುಡಿಸಿದ್ಲು. ಪೀಠದ ಕೋಣೆ ಬೀಗದ ಕೈ ಒಂದು ದಿನಾನೂ ಅವಳ ಕೈಗೆ ಬರ್ಲಿಲ್ಲ. ಎಬೊ ಅಣ್ಣನ ಅಮ್ಮ, ದೊಡ್ಡಮ್ಮನಿಂದ, ನಮ್ಮಮ್ಮನ್ನ ದಾಟಿ ಇನ್ನೂ ಮದುವೆ ಆಗಿರದ ಸಣ್ಣ ಹುಡುಗಿ ಕೈಗೆ ಹೋಯ್ತು. ಯಾಕೆ?"

ಮಾಮ ಕ್ವೆಕು ಸಾರಿನಲ್ಲಿ ಚಮಚ ತಿರುಗಿಸಿದ. ಇನ್ನೊಂದು ಸಲ ತಿರುಗಿಸಿದ.

"ಉಣ್ಣಮ್ಮ. ಆರಿದ್ರೆ ಕುರಿ ಮಾಂಸ ಚೆನ್ನಾಗಿರಲ್ಲ."

ಎಫುವ ತಲೆಯಾಡಿಸಿದಳು. ಉಣ್ಣಲಿಲ್ಲ. ತನ್ನ ಪಾಲಿನ ಮಾಂಸವನ್ನು ಎಲೆಯಲ್ಲಿ ಸುತ್ತಿಕೊಂಡು ಎದ್ದಳು. ಎಬೊನ ಮುಂದೆ ಹಾದುಹೋಗುವಾಗ, "ನಾಳೆ ಕೆಲಸಕ್ಕೆ ಬರ್ತೀಯಾ ಅಣ್ಣ?" ಅಂದಳು. ಮೂರು ದಿನದಲ್ಲಿ ಅವಳು ಅವನ ಜೊತೆ ಆಡಿದ ಮೊದಲ ಮಾತು. ಎಬೊ ಎದ್ದು ನಿಂತ. "ಬರ್ತೀನಿ," ಅಂದ. ಅಣ್ಣ ಅಂದಳಲ್ಲ ಅಂತ ಅವತ್ತೆಲ್ಲ ಅದನ್ನೇ ನೆನೆದುಕೊಂಡ.

ಬುಧವಾರ ಅವನು ಹೋದಾಗ ಅವಳು ಆಗಲೇ ಬಂದಿದ್ದಳು. ಅಂಗಳ ಗುಡಿಸಿತ್ತು. ಹೆಂಗಸರ ಕೋಣೆಯ ಬಾಗಿಲಲ್ಲಿ ಟಾರ್ಚು ಹಿಡಿದು ನಿಂತಿದ್ದಳು.

"ಮೊದಲ ತಂಡ ಒಂಬತ್ತಕ್ಕೆ. ಒಳಗೆ ಬಾ."

ಹೋದ. ಅವಳು ಬಾಗಿಲು ಎಳೆದಳು.

"ನಾನು ಕೆಲಸಕ್ಕೆ ಸೇರಿದ ದಿನ ಇಲ್ಲೇ ನಿಂತು ನನಗೊಂದು ಮಾತು ಹೇಳಿದ್ದೆ, ನೆನಪಿದೆಯಾ?"

ನೆನಪಿತ್ತು. ಬುರುಜಿನ ಮೇಲೆ ಎಬೊ ಬೇಕಾದಷ್ಟು ಬುರುಡೆ ಬಿಡುತ್ತಿದ್ದ. ಫಿರಂಗಿ ಗುಂಡು ಮೂರು ಮೈಲಿ ಹೋಗುತ್ತಿತ್ತು ಅನ್ನುತ್ತಿದ್ದ, ಜನ ಬಾಯಿ ಬಿಟ್ಟರೆ ಅದನ್ನು ಐದು ಮಾಡುತ್ತಿದ್ದ. ಆದರೆ ಅವಳಿಗೆ ಹೇಳಿದ್ದ: ಹೊರಗೆ ಎಷ್ಟು ಬೇಕಾದ್ರೂ ಬಿಡು, ಈ ಕೋಣೆ ಒಳಗೆ ಮಾತ್ರ ಒಂದು ಸುಳ್ಳೂ ಬೇಡ. ಇಲ್ಲಿ ಸತ್ತವರು ಕೇಳಿಸ್ಕೊಳ್ತಿರ್ತಾರೆ. ಇಪ್ಪತ್ನಾಲ್ಕು ವರ್ಷದಲ್ಲಿ ಅವನು ಆ ಒಂದು ನಿಯಮ ಮುರಿದಿರಲಿಲ್ಲ. ಅವನಿಗಿದ್ದ ಹೆಮ್ಮೆ ಅದೊಂದೇ.

"ನಿನ್ನೆ ಅಂಗಳದಲ್ಲಿ ಹೇಳಿದ್ದನ್ನ ಈಗ ಇಲ್ಲಿ ಹೇಳು," ಅಂದಳು ಎಫುವ. "ಸುಳ್ಳು ಅಂತ ಹೇಳಿಬಿಡು. ನಾನು ನಂಬ್ತೀನಿ. ನಾಳೆಯಿಂದ ಇಬ್ರೂ ಹಿಂದಿನ ಹಾಗೆ ಕಿತ್ತಾಡ್ಕೊಂಡು ಇರೋಣ. ನಾನು ನಿನ್ನ ಮುಖ ನೋಡ್ತೀನಿ ಅಂತ ಭಯಾನಾ? ತಗೋ."

ಟಾರ್ಚು ಆರಿತು.

ಆ ಕತ್ತಲು ಎಬೊಗೆ ಹೊಸದಲ್ಲ. ಸಾವಿರಾರು ಸಲ ಬೇರೆಯವರನ್ನು ಅದರಲ್ಲಿ ನಿಲ್ಲಿಸಿದ್ದ. ಯಾವಾಗ ಕೆಮ್ಮು ಬರುತ್ತದೆ, ಯಾವಾಗ ಯಾರೋ ಒಬ್ಬರು ಅಳುತ್ತಾರೆ, ಎಲ್ಲ ಗೊತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಪದ. ನಿನ್ನೆ ಎರಡು ಸಲ ಹೇಳಿದ್ದ. ಹೇಳಿದರೆ ತಂಗಿ ಉಳಿಯುತ್ತಾಳೆ. ಬಾಯಿ ತೆರೆದ. ಉಪ್ಪಿನ ವಾಸನೆಯ ತೇವ ಬಾಯೊಳಗೆ ಹೋಯಿತು.

"ನಾನು..." ಅಂದ.

ಹೊರಗೆ ಅಲೆ ಕಲ್ಲಿಗೆ ಬಡಿಯಿತು, ಹಿಂದೆ ಸರಿಯಿತು. ಮತ್ತೆ ಬಡಿಯಿತು. ಎಬೊನ ಮುಖ ಕತ್ತಲಲ್ಲೂ ಸುಟ್ಟಿತು, ಅಂಗಿ ಬೆನ್ನಿಗೆ ಅಂಟಿತು. ಇಷ್ಟು ದಿನ ಊರಿನವರ ಮುಂದೆ ನಾಚಿದ್ದ. ಅದು ಏನೂ ಅಲ್ಲ. ಇಲ್ಲಿ ಇದ್ದವಳು ಅವಳೊಬ್ಬಳು, ಕಾಣುತ್ತಲೂ ಇರಲಿಲ್ಲ, ಅವಳು ಉಸಿರಾಡುವುದು ಮಾತ್ರ ಕೇಳುತ್ತಿತ್ತು. ಕಾಯುತ್ತಿದ್ದಳು. ಅವನು ಸುಳ್ಳು ಹೇಳಲಿ ಅಂತ ಅವಳು ನಿಜವಾಗಿ ಆಸೆಪಟ್ಟು ಕಾಯುತ್ತಿದ್ದಾಳೆ ಅಂತ ಅವನಿಗೆ ಗೊತ್ತಾಯಿತು.

"ಅವಳ ಹೆಸರು ಏನು?" ಅಂದಳು ಎಫುವ.

"ಗೊತ್ತಿಲ್ಲ," ಅಂದ ಎಬೊ. "ಅಮ್ಮನಿಗೂ ಗೊತ್ತಿರ್ಲಿಲ್ಲ. ಉತ್ತರದ ಸೀಮೆಯೋಳು ಅಂತಿದ್ರಂತೆ. ಅಷ್ಟೇ."

ಹೇಳಿಬಿಟ್ಟ ಮೇಲೆ ಅವನು ಗೋಡೆಗೆ ಒರಗಿದ. ಟಾರ್ಚು ಹತ್ತಿತು. ಎಫುವ ಅಳುತ್ತಿರಲಿಲ್ಲ. ಕಲ್ಲಿನ ನೆಲವನ್ನು, ಗೋಡೆಯ ಬುಡದಲ್ಲಿ ನೀರು ಹರಿಯಲು ಕೊರೆದಿದ್ದ ಸಣ್ಣ ಕಾಲುವೆಯನ್ನು ನೋಡುತ್ತಿದ್ದಳು. ದಿನಾ ತೋರಿಸುವ ಕೋಣೆ. ಮೊದಲ ಸಲ ಬಂದವರು ನೋಡುವ ಹಾಗೆ ನೋಡುತ್ತಿದ್ದಳು.

"ಹದಿನಾಲ್ಕು ವರ್ಷ ಇಲ್ಲಿ ನಿಂತು ಬಂದೋರ ಹತ್ರ ಕ್ಷಮೆ ಕೇಳ್ತಿದ್ದೆ," ಅಂದಳು. "ನಮ್ಮ ಮನೆಯೋರು ಮಾಡಿದ್ದಕ್ಕೆ. ಎಷ್ಟು ಜನ ತಬ್ಬಿಕೊಂಡು ಸಮಾಧಾನ ಮಾಡಿದ್ರು ನನ್ನ. ನೀನು ಆ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡ್ತಿದ್ದೆ."

"ಎಫುವ..."

"ನಗು ಬರ್ತಿತ್ತಾ ಅಣ್ಣ, ಒಳಗೊಳಗೇ?"

ಈ ಕೋಣೆಯಲ್ಲಿ ಅವಳು ಅದನ್ನು ಕೇಳಬಾರದಿತ್ತು. ಅವನು ತಲೆ ತಗ್ಗಿಸಿದ. ಒಂದೆರಡು ಸಲ ಬಂದಿತ್ತು.

ಅವಳಿಗೆ ಅಷ್ಟು ಸಾಕಾಯಿತು. ಕೊರಳಿನ ಗುರುತಿನ ಚೀಟಿ ತೆಗೆದು, ಟಾರ್ಚಿಗೆ ಸುತ್ತಿ, ಅವನ ಕೈಯಲ್ಲಿಟ್ಟಳು. "ಬ್ಯಾಟರಿ ಹೊಸದು," ಅಂದಳು. ಕೋಣೆಯಿಂದ ಹೊರಬಂದು ಊರಿನ ಕಡೆಯ ದೊಡ್ಡ ಬಾಗಿಲಿಗೆ ಹೋಗಲಿಲ್ಲ. ಎಡಕ್ಕೆ ತಿರುಗಿ ಸಮುದ್ರದ ಬಾಗಿಲಿನ ಅಗುಳಿ ಎತ್ತಿದಳು.

"ಆ ಕಡೆಯಿಂದ ಬೇಡ ಕಣೇ," ಅಂದ ಎಬೊ. "ಆ ಕಡೆಯಿಂದ ಹೋಗ್ಬೇಡ, ನಿನ್ನ ದಮ್ಮಯ್ಯ."

"ಯಾಕೆ? ನಮ್ಮೋರು ಹೋದ ದಾರಿ ತಾನೆ?"

ದೋಣಿಗಳೆಲ್ಲ ಕಡಲಿಗೆ ಹೋಗಿದ್ದವು. ಮರಳು ಬೋಳಾಗಿತ್ತು. ಅವಳು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಅಲೆ ಬಂದು ಹೋಗುವ ಗೆರೆಯುದ್ದಕ್ಕೂ ನಡೆದಳು, ಲಾರಿ ನಿಲ್ದಾಣದ ಕಡೆಗೆ. ತಿರುಗಿ ನೋಡಲಿಲ್ಲ. ಕಲ್ಲಿನ ತಿರುವಿನ ಆಚೆ ಮೊದಲು ಅವಳ ಕಾಲು, ಆಮೇಲೆ ತಲೆ ಮರೆಯಾಯಿತು.

ಎಬೊ ಬಾಗಿಲಲ್ಲೇ ನಿಂತ. ಒಂಬತ್ತಕ್ಕೆ ತಂಡ ಬಂತು. ಯಾರೋ ಮೇಲಿನಿಂದ, "ತೋರಿಸೋರು ಯಾರೂ ಇಲ್ವಾ?" ಅಂತ ಕೂಗಿದರು. ಎಕುವಾ ಇಳಿದು ಬಂದು ಅವನನ್ನು ನೋಡಿದಳು, ತೆರೆದ ಬಾಗಿಲನ್ನು ನೋಡಿದಳು, ಮರಳಿನ ಮೇಲೆ ಒಂದೇ ಕಡೆಗೆ ಹೋಗಿದ್ದ ಹೆಜ್ಜೆಗಳನ್ನು ನೋಡಿದಳು.

"ಅಗುಳಿ ಹಾಕೋ ಎಬೊ. ಜನ ಕಾಯ್ತಿದಾರೆ."

"ಒಂದು ತಲೆ ಬರೋದಿದೆ," ಅಂದ ಎಬೊ.

ಸಂಜೆ ಐದಕ್ಕೆ ಕೋಟೆ ಮುಚ್ಚುವವರೆಗೂ ಅವನು ಅಲ್ಲೇ ಇದ್ದ. ಉಬ್ಬರದ ನೀರು ಹೆಜ್ಜೆಗಳನ್ನು ಅಳಿಸಿ ಬಾಗಿಲಿನ ಹೊಸ್ತಿಲವರೆಗೆ ಬಂತು. ಎಫುವ ಬರಲಿಲ್ಲ.